ಸೆಲ್ಲಿನ ಹಸಿವು, ಕಿವಿಯ ಬವಣೆ



ಶ್ರವಣ ಸಾಧನಕ್ಕೆ ಸೆಲ್ಲು ಕೊಂಡು ಅಭ್ಯಾಸವಿದ್ದವರು ಒಂದು ಸಂಗತಿಯನ್ನು ಗಮನಿಸಿರಬಹುದು. ಪ್ರತಿ ಸೆಲ್ಲಿನ ಬೆನ್ನಿಗೂ ಒಂದು ಬಣ್ಣದ ಚೀಟಿ ಅಂಟಿರುತ್ತದೆ. ಹಳದಿಯದು 10ನೇ ನಂಬರು, ಕಂದು 312, ಕಿತ್ತಳೆ 13, ನೀಲಿ 675. ಜಗತ್ತಿನ ಯಾವ ಊರಿಗೆ ಹೋದರೂ ಬಣ್ಣಗಳು ಇವೇ. ಇವುಗಳಲ್ಲಿ ಬಹಳ ಬಳಕೆಯಲ್ಲಿರುವ 312ರ ಅಡ್ಡಳತೆ 8 ಮಿಲಿಮೀಟರಿಗಿಂತ ಕೂದಲೆಳೆಯಷ್ಟು ಕಡಿಮೆ, ದಪ್ಪ 3.6 ಮಿಲಿಮೀಟರು. ಅಂಗಿಯ ಗುಂಡಿಗಿಂತಲೂ ಚಿಕ್ಕದು. ಇದರಲ್ಲಿ ತುಂಬಿರುವ ವಿದ್ಯುತ್ತು ಸುಮಾರು 160 ಮಿಲಿಆಂಪಿಯರ್-ಗಂಟೆ. ಒಳ್ಳೆಯ ಪೆನ್ಸಿಲ್ ಸೆಲ್ಲಿನಲ್ಲಿ ಇದರ ಹತ್ತು ಹದಿನೈದು ಪಟ್ಟು ಇರುತ್ತದೆ.

ಮುಂದಿನದು ಮೂರನೇ ತರಗತಿಯ ಲೆಕ್ಕ. ಸಾಧನ ಒಂದು ಮಿಲಿಆಂಪಿಯರ್ ಕರೆಂಟು ಹೀರಿದರೆ ಸೆಲ್ಲು 160 ಗಂಟೆ ಬಾಳುತ್ತದೆ. ದಿನಕ್ಕೆ 16 ಗಂಟೆ ಧರಿಸುವವರಿಗೆ ಹತ್ತು ದಿನ. ಎರಡು ಮಿಲಿಆಂಪಿಯರ್ ಹೀರಿದರೆ ಐದು ದಿನ. ಎರಡೂ ಕಿವಿಗೆ ಹಾಕಿಕೊಂಡಿದ್ದರೆ ಖರ್ಚು ಇಮ್ಮಡಿ. ಸೆಲ್ಲಿನ ಒತ್ತಡ 1.3 ವೋಲ್ಟು ಎಂದಿಟ್ಟುಕೊಂಡರೆ, ಒಂದು ಮಿಲಿಆಂಪಿಯರ್ ಎಂದರೆ 1.3 ಮಿಲಿವ್ಯಾಟು. ದೇವರ ಮನೆಯಲ್ಲಿ ಉರಿಯುತ್ತಿದ್ದ ಸೊನ್ನೆ ವ್ಯಾಟಿನ ಬಲ್ಬಿಗೆ ಹೆಸರಿನಲ್ಲಿ ಸೊನ್ನೆ ಇದ್ದರೂ ಹದಿನೈದು ವ್ಯಾಟಿನಷ್ಟು ಬೇಕಿತ್ತು. ಅದರ ಹತ್ತು ಸಾವಿರ ಪಾಲಿನಲ್ಲಿ ಒಂದು ಪಾಲಿನಿಂದ ಮೈಕು ಸದ್ದು ಹಿಡಿಯಬೇಕು, ಆ ಸದ್ದನ್ನು ನೂರು ಪಟ್ಟು, ದೋಷ ತೀವ್ರವಾಗಿದ್ದರೆ ಸಾವಿರ ಪಟ್ಟು ಹಿಗ್ಗಿಸಬೇಕು, ಕಡಲೆ ಬೇಳೆಯ ಗಾತ್ರದ ಸ್ಪೀಕರಿನ ಮೂಲಕ ಕಿವಿಯೊಳಕ್ಕೆ ಬಿಡಬೇಕು. ಇದರ ನಡುವೆ ಮಾತು ಮಾತಾಗಿಯೇ ಉಳಿಯಬೇಕು.

ಉಳಿಯಿತೇ? ಶ್ರವಣ ಸಾಧನದ ಚರಿತ್ರೆಯಲ್ಲಿ ಅತ್ಯಂತ ನೋವಿನ ಪ್ರಶ್ನೆ ಇದು. ಸಾವಿರಾರು ರೂಪಾಯಿ ಕೊಟ್ಟು ತಂದ ಸಾಧನವನ್ನು ಮನೆಯ ಹಿರಿಯರು ತಿಂಗಳೊಳಗೆ ಮೇಜಿನ ಡ್ರಾಯರಿಗೆ ಸೇರಿಸುವುದು ಎಷ್ಟೋ ಮನೆಗಳಲ್ಲಿ ನಡೆಯುವ ಸಂಗತಿ. ಕೇಳಿದರೆ ಅವರು ಹೇಳುವ ಮಾತು ಒಂದೇ: “ಸದ್ದು ಕೇಳಿಸುತ್ತದೆ, ಏನೆಂದು ತಿಳಿಯುವುದಿಲ್ಲ.” ಮನೆಯವರು ಇದನ್ನು ವಯಸ್ಸಿನ ಹಟವೆಂದುಕೊಳ್ಳುತ್ತಾರೆ. ವೈದ್ಯರು ಒಳಗಿವಿಯ ದೋಷ ಎನ್ನುತ್ತಾರೆ. ಎರಡನೆಯದರಲ್ಲಿ ನಿಜವಿದೆ. ಆದರೆ ದಶಕಗಳ ಕಾಲ ಈ ದೂರಿಗೆ ಮೂರನೆಯ ಕಾರಣವೂ ಇತ್ತು. ಅದು ಕಿವಿಯಲ್ಲಿರಲಿಲ್ಲ, ಸೆಲ್ಲಿನ ಮೇಲಿನ ಜಿಪುಣತನದಲ್ಲಿತ್ತು.

ಸೆಲ್ಲೇ ಬೇಡವಾಗಿದ್ದ ಕಾಲವೊಂದಿತ್ತು. ಕೊಂಬು, ಶಂಖ, ತಗಡಿನ ಕಹಳೆಗಳಿಂದ ಸದ್ದನ್ನು ಬಾಚಿ ಕಿವಿಗೆ ಸುರಿದುಕೊಳ್ಳುತ್ತಿದ್ದ ಕಾಲ ಅದು. ಸಂಗೀತಗಾರ ಬೀಥೋವನ್‌ಗೆ ಮೇಲ್ಜೆಲ್ ಎಂಬ ಕುಶಲಿ ಇಂಥ ಕಹಳೆಗಳನ್ನು ಮಾಡಿಕೊಟ್ಟಿದ್ದ. ಪೋರ್ಚುಗಲ್ಲಿನ ದೊರೆ ಆರನೆಯ ಜಾನ್‌ಗೆ 1819ರಲ್ಲಿ ಲಂಡನ್ನಿನ ರೈನ್ ಎಂಬವರ ಕಂಪನಿ ಒಂದು ಸಿಂಹಾಸನವನ್ನೇ ತಯಾರಿಸಿತು. ಅದರ ತೋಳುಗಳ ತುದಿಯಲ್ಲಿ ಬಾಯಿ ತೆರೆದ ಸಿಂಹಗಳು. ಅರಿಕೆ ಮಾಡಿಕೊಳ್ಳುವವರು ಮಂಡಿಯೂರಿ ಸಿಂಹದ ಬಾಯಿಗೆ ಮಾತಾಡಬೇಕು. ಆ ಮಾತು ಕೊಳವೆಯ ಮೂಲಕ ದೊರೆಯ ಕಿವಿ ಸೇರುತ್ತಿತ್ತು. ಕಿವಿ ಮಂದವೆಂಬುದನ್ನು ರಾಜಗಾಂಭೀರ್ಯವಾಗಿ ಮಾರ್ಪಡಿಸಿದ ಉಪಾಯ. ಅಂಥ ಸೌಕರ್ಯ ದೊರೆಗಳಿಗೆ ಮಾತ್ರ.

ವಿದ್ಯುತ್ತು ಬಂದದ್ದು ಟೆಲಿಫೋನಿನ ಬೆನ್ನು ಹಿಡಿದು. 1876ರಲ್ಲಿ ಟೆಲಿಫೋನಿಗೆ ಪೇಟೆಂಟ್ ಪಡೆದ ಅಲೆಗ್ಸಾಂಡರ್ ಗ್ರಹಾಂ ಬೆಲ್‌ನ ತಾಯಿಗೂ ಹೆಂಡತಿ ಮೇಬಲ್‌ಳಿಗೂ ಕಿವಿ ಕೇಳಿಸುತ್ತಿರಲಿಲ್ಲ. ಆತ ಕಿವುಡ ಮಕ್ಕಳ ಶಿಕ್ಷಕನಾಗಿದ್ದವನು. ಬೆಲ್‌ನ ಯಂತ್ರ ಅವರಿಗೆ ನೇರವಾಗಿ ನೆರವಾಗಲಿಲ್ಲ. ಆದರೆ ಟೆಲಿಫೋನಿನ ಕಾರ್ಬನ್ ಮೈಕನ್ನು ಹಿಡಿದು ಅಮೆರಿಕದ ಮಿಲ್ಲರ್ ರೀಸ್ ಹಚಿಸನ್ 1898ರ ಸುಮಾರಿಗೆ ಮೊದಲ ವಿದ್ಯುತ್ ಶ್ರವಣ ಸಾಧನವನ್ನು ಕಟ್ಟಿದ. ಇಂಗ್ಲೆಂಡಿನ ರಾಣಿ ಅಲೆಗ್ಸಾಂಡ್ರಾ ಅವನ ಸಾಧನವನ್ನು ಬಳಸಿದಳು. ಕಾರ್ಬನ್ ಕಾಳುಗಳ ಡಬ್ಬಿ ಸದ್ದಿಗೆ ಅದುರಿದಾಗ ಕಾಳುಗಳ ನಡುವಿನ ತಡೆ ಹೆಚ್ಚು ಕಡಿಮೆಯಾಗಿ ಸೆಲ್ಲಿನ ಕರೆಂಟು ಅದಕ್ಕೆ ತಕ್ಕಂತೆ ಏರಿಳಿಯುತ್ತಿತ್ತು. ಕಾಳು ಗಟ್ಟಿಯಾಗಿ ಕೂತರೆ ಡಬ್ಬಿಯನ್ನು ಬೆರಳಲ್ಲಿ ತಟ್ಟಿ ಸಡಿಲಿಸಬೇಕು. ಸದ್ದಿನೊಂದಿಗೆ ಹುರಿಗಡಲೆ ಜರಡಿಯಾಡಿದಂಥ ಕರಕರವೂ ಪುಕ್ಕಟೆ.

ಆಮೇಲೆ ವಾಲ್ವುಗಳು ಬಂದವು. ಹಳೆಯ ರೇಡಿಯೋದಲ್ಲಿ ಕೆಂಪಗೆ ಉರಿಯುತ್ತಿದ್ದ ಗಾಜಿನ ಬುರುಡೆಗಳನ್ನು ಕಂಡವರು ಇಲ್ಲಿ ಕೆಲವರಾದರೂ ಇರಬಹುದು. 1930ರ ದಶಕದ ಹೊತ್ತಿಗೆ ಅವು ಕುಗ್ಗಿ ಮೈಮೇಲೆ ಹೊತ್ತುಕೊಳ್ಳುವಷ್ಟು ಆದವು. ಸದ್ದೇನೋ ಚೆನ್ನಾಗಿ ಹಿಗ್ಗುತ್ತಿತ್ತು. ಆದರೆ ವಾಲ್ವಿಗೆ ಎರಡು ಬಗೆಯ ಬ್ಯಾಟರಿ ಬೇಕು: ಒಳಗಿನ ತಂತಿಯನ್ನು ಕಾಯಿಸಲು ಒಂದೂವರೆ ವೋಲ್ಟಿನದೊಂದು, ಕೆಲಸ ಮಾಡಿಸಲು ಮೂವತ್ತು ನಲವತ್ತು ವೋಲ್ಟಿನದೊಂದು. ಇವನ್ನು ಪಟ್ಟಿ ಕಟ್ಟಿ ಸೊಂಟಕ್ಕೋ ತೊಡೆಗೋ ಬಿಗಿದುಕೊಳ್ಳಬೇಕಿತ್ತು. 1948ರಲ್ಲಿ ಬ್ರಿಟನ್ನಿನ ರಾಷ್ಟ್ರೀಯ ಆರೋಗ್ಯ ಸೇವೆ ಆರಂಭವಾದಾಗ ಜನಕ್ಕೆ ಉಚಿತವಾಗಿ ಹಂಚಿದ ಮೆಡ್ರೆಸ್ಕೋ ಎಂಬ ಸಾಧನವೂ ಹೀಗೆಯೇ, ಮೈಗೊಂದು ಪೆಟ್ಟಿಗೆ, ಅದಕ್ಕೊಂದು ಬ್ಯಾಟರಿಯ ಗಂಟು.

ಇಲ್ಲಿ ಒಂದು ಸೂಕ್ಷ್ಮವನ್ನು ನೋಡಬೇಕು. ವಾಲ್ವಿನ ತಂತಿ ಸದಾ ಕಾದಿರಬೇಕು. ಎದುರಿಗೆ ಯಾರಾದರೂ ಮಾತಾಡಲಿ, ಬಿಡಲಿ, ಬ್ಯಾಟರಿ ಕರಗುತ್ತಲೇ ಇರುತ್ತದೆ. ಮನುಷ್ಯನ ದಿನದಲ್ಲಿ ಮಾತಿಗಿಂತ ಮೌನವೇ ಹೆಚ್ಚು. ಮಾತಿನೊಳಗೂ ಪದ ಪದದ ನಡುವೆ ಬಿಡುವಿರುತ್ತದೆ. ಹಾಗಾಗಿ ಸಾಧನ ನುಂಗುವ ವಿದ್ಯುತ್ತಿನಲ್ಲಿ ದೊಡ್ಡ ಪಾಲು ಕೇಳಿಸುವುದಕ್ಕಲ್ಲ, ಕೇಳಿಸಲು ಸಿದ್ಧವಾಗಿ ಕೂತಿರುವುದಕ್ಕೆ. ಇದನ್ನು ಕಾಯುವ ಕರೆಂಟು ಎನ್ನೋಣ. ಮುಂದಿನ ಕತೆಯೆಲ್ಲ ಈ ಕಾಯುವ ಕರೆಂಟಿನದೇ.

1947ರ ಡಿಸೆಂಬರಿನಲ್ಲಿ ಅಮೆರಿಕದ ಬೆಲ್ ಪ್ರಯೋಗಾಲಯದಲ್ಲಿ ಟ್ರಾನ್ಸಿಸ್ಟರ್ ಹುಟ್ಟಿತು. ಟ್ರಾನ್ಸಿಸ್ಟರ್ ಎಂದೊಡನೆ ಎಲ್ಲರಿಗೂ ಜೇಬಿನ ರೇಡಿಯೋ ನೆನಪಾಗುತ್ತದೆ. ಆದರೆ ಅಂಗಡಿಯಲ್ಲಿ ಮಾರಾಟಕ್ಕೆ ಬಂದ ಮೊದಲ ಟ್ರಾನ್ಸಿಸ್ಟರ್ ಸಾಮಾನು ರೇಡಿಯೋ ಅಲ್ಲ, ಶ್ರವಣ ಸಾಧನ. 1952ರ ಡಿಸೆಂಬರ್ 29ರಂದು ಬಂದ ಸೋನೋಟೋನ್ 1010, ಬೆಲೆ 229 ಡಾಲರು 50 ಸೆಂಟು. ಅದರಲ್ಲಿ ಎರಡು ಪುಟ್ಟ ವಾಲ್ವು, ಒಂದೇ ಒಂದು ಟ್ರಾನ್ಸಿಸ್ಟರ್. ಆ ಒಂದನ್ನು ಎಲ್ಲಿಟ್ಟರು ಎಂಬುದು ಮುಖ್ಯ. ಕೊನೆಯಲ್ಲಿ, ಸ್ಪೀಕರನ್ನು ನಡೆಸುವ ಜಾಗದಲ್ಲಿ ಇಟ್ಟರು. ಮೊದಲ ಹಂತದಲ್ಲಿಡಲು ಅಂದಿನ ಟ್ರಾನ್ಸಿಸ್ಟರಿನ ಸ್ವಂತ ಗದ್ದಲವೇ ಅತಿಯಾಗಿತ್ತು. ಕೊನೆಯ ಹಂತದಲ್ಲಾದರೆ ಬ್ಯಾಟರಿಯ ಉಳಿತಾಯ ಎದ್ದು ಕಾಣುತ್ತಿತ್ತು. ಬೆಲ್ ಕಂಪನಿ ಟ್ರಾನ್ಸಿಸ್ಟರ್ ತಯಾರಿಕೆಯ ಹಕ್ಕನ್ನು ಹಣಕ್ಕೆ ಕೊಡುತ್ತಿದ್ದರೂ ಶ್ರವಣ ಸಾಧನ ಮಾಡುವವರಿಗೆ ರಾಜಧನವನ್ನು ಬಿಟ್ಟುಕೊಟ್ಟಿತು, ಗ್ರಹಾಂ ಬೆಲ್‌ನ ನೆನಪಿಗಾಗಿ. ವ್ಯಾಪಾರದ ಚರಿತ್ರೆಯಲ್ಲಿ ಇಂಥ ಔದಾರ್ಯ ಅಪರೂಪ.

ವಾಲ್ವೇ ಇಲ್ಲದ ಸಾಧನ ಬರಲು ಒಂದು ವರ್ಷವೂ ಹಿಡಿಯಲಿಲ್ಲ. 1953ರ ಆರಂಭದಲ್ಲೇ ಬರಿಯ ಟ್ರಾನ್ಸಿಸ್ಟರಿನ ಸಾಧನಗಳು ಬಂದವು. ಅವೂ ನಿರ್ದೋಷಿಗಳಲ್ಲ; ಮೈಯ ಬೆವರಿನ ತೇವ ತಗುಲಿ ಕೆಡುತ್ತಿದ್ದವು. ರೇಥಿಯಾನ್ ಕಂಪನಿ ಶ್ರವಣ ಸಾಧನಕ್ಕೆಂದು ಮಾಡಿದ ಟ್ರಾನ್ಸಿಸ್ಟರುಗಳಲ್ಲಿ ಪರೀಕ್ಷೆಯಲ್ಲಿ ನಪಾಸಾದವೇ ರಾಶಿ ಬಿದ್ದವು. ಅವನ್ನು ಎಸೆಯುವ ಬದಲು ನಾರ್ಮನ್ ಕ್ರಿಮ್ ಎಂಬ ಅಧಿಕಾರಿ ಸಿಕೆ722 ಎಂಬ ಹೆಸರಿಟ್ಟು ಹವ್ಯಾಸಿಗಳಿಗೆ ಮಾರಿಸಿದ. ಅಮೆರಿಕದ ಒಂದು ತಲೆಮಾರಿನ ಹುಡುಗರು ಎಲೆಕ್ಟ್ರಾನಿಕ್ಸ್ ಕಲಿತದ್ದು ಕಿವಿಗೆ ನಾಲಾಯಕ್ಕಾದ ಆ ಸರಕಿನಿಂದ! ಇನ್ನೊಂದು ನಂಟೂ ಇದೆ. ಮಿಲ್ವಾಕಿಯ ಸೆಂಟ್ರಲ್ಯಾಬ್ ಕಂಪನಿಯಲ್ಲಿ ಶ್ರವಣ ಸಾಧನದ ಆಂಪ್ಲಿಫೈಯರುಗಳನ್ನು ಕುಗ್ಗಿಸುವ ಕೆಲಸದಲ್ಲಿ ಪಳಗಿದ ಜ್ಯಾಕ್ ಕಿಲ್ಬಿ, 1958ರಲ್ಲಿ ಟೆಕ್ಸಾಸ್ ಇನ್‌ಸ್ಟ್ರುಮೆಂಟ್ಸ್ ಸೇರಿ ಇಂಟಿಗ್ರೇಟೆಡ್ ಸರ್ಕಿಟನ್ನು, ಅಂದರೆ ಇಂದಿನ ಚಿಪ್ಪಿನ ಮುತ್ತಜ್ಜನನ್ನು, ಮಾಡಿ ತೋರಿಸಿದ. ಅದಕ್ಕಾಗಿ 2000ದಲ್ಲಿ ನೊಬೆಲ್ ಬಂತು. ಆ ಚಿಪ್ಪು ಜನಬಳಕೆಯ ವಸ್ತುವಿನೊಳಕ್ಕೆ ಮೊದಲು ಹೊಕ್ಕದ್ದೂ 1964ರಲ್ಲಿ, ಜೆನಿತ್ ಕಂಪನಿಯ ಶ್ರವಣ ಸಾಧನದಲ್ಲಿಯೇ. ಕಂಪ್ಯೂಟರಿನ ಕುಲಪುರಾಣ ಬರೆಯುವವರು ಕಿವಿ ಮಂದವಾದವರ ಋಣವನ್ನು ಸಾಮಾನ್ಯವಾಗಿ ಮರೆಯುತ್ತಾರೆ.

ಈಗ ಸ್ಪೀಕರಿನ ಕಡೆಗೆ. ಟೆಲಿಫೋನಿನ ಕಾಲದ ರೂಢಿಯಂತೆ ಇದಕ್ಕೆ ಇಂದಿಗೂ ರಿಸೀವರ್ ಎಂದೇ ಹೆಸರು. ರೇಡಿಯೋದ ಸ್ಪೀಕರಿನಲ್ಲಿ ತಂತಿಯ ಸುರುಳಿ ಕಾಗದದ ಶಂಕುವಿಗೆ ಅಂಟಿಕೊಂಡು ತಾನೇ ಅಲುಗಾಡುತ್ತದೆ. ರಿಸೀವರಿನಲ್ಲಿ ಸುರುಳಿ ಅಲುಗದೆ ಕೂತಿರುತ್ತದೆ. ಅದರ ನಡುವಿನಿಂದ ಕಬ್ಬಿಣದಂಥ ಲೋಹದ ತೆಳು ನಾಲಗೆಯೊಂದು ಹಾದು, ಎರಡು ಕಾಂತಗಳ ನಡುವೆ ಅತ್ತಲೂ ಇಲ್ಲ, ಇತ್ತಲೂ ಇಲ್ಲ ಎಂಬಂತೆ ತೂಗಿಕೊಂಡಿರುತ್ತದೆ. ಸುರುಳಿಗೆ ಕರೆಂಟು ಬಂದಾಗ ನಾಲಗೆ ಒಂದು ಬದಿಗೆ ವಾಲುತ್ತದೆ. ಕರೆಂಟು ತಿರುಗಿದರೆ ಇನ್ನೊಂದು ಬದಿಗೆ. ಅದರ ತುದಿಗೆ ಹೊಂದಿಸಿದ ಕೂದಲಿನಂಥ ಕಡ್ಡಿ ಒಂದು ಪೊರೆಯನ್ನು ತಳ್ಳಿ ಎಳೆದು ಸದ್ದೆಬ್ಬಿಸುತ್ತದೆ. ಈ ಮಾದರಿಯನ್ನು ಕುಗ್ಗಿಸುವುದರಲ್ಲಿ ದೊಡ್ಡ ಹೆಸರು ಅಮೆರಿಕದ ಹ್ಯೂ ನೋಲ್ಸ್ 1946ರಲ್ಲಿ ಕಟ್ಟಿದ ಕಂಪನಿಯದು. ಇಷ್ಟು ಚಿಕ್ಕ ಪೊರೆಯಿಂದ ಕೋಣೆಗೆ ಸದ್ದು ತುಂಬಲಾಗದು. ಆದರೆ ಕಿವಿಯ ಕಾಲುವೆಯನ್ನು ಮುಚ್ಚಿದಾಗ ಒಳಗುಳಿಯುವ ಗಾಳಿ ಒಂದೆರಡು ಮಿಲಿಲೀಟರಿಗೂ ಮೀರದು. ಅಷ್ಟನ್ನು ಅದುಮಿದರೆ ಸಾಕು, ಕಿವಿಗೆ ಅದು ಕೂಗಾಗಿ ಕೇಳುತ್ತದೆ.

ಈ ರಿಸೀವರನ್ನು ನಡೆಸುವ ಕೊನೆಯ ಆಂಪ್ಲಿಫೈಯರ್ ಹೇಗಿರಬೇಕು? ಮೊದಲಿನಿಂದ ಬಂದ ಪದ್ಧತಿಗೆ ಕ್ಲಾಸ್ ಎ ಎಂದು ಹೆಸರು. ಒಂದೇ ಟ್ರಾನ್ಸಿಸ್ಟರ್ ಸಾಕು. ಅದು ಸದಾ ಅರ್ಧ ತೆರೆದ ನಲ್ಲಿಯಂತೆ. ಸದ್ದಿಲ್ಲದಾಗಲೂ ಒಂದು ನಿಶ್ಚಿತ ಕರೆಂಟು ಹರಿಯುತ್ತಿರುತ್ತದೆ. ಸದ್ದು ಬಂದಾಗ ಆ ಮಟ್ಟದಿಂದ ಮೇಲಕ್ಕೂ ಕೆಳಕ್ಕೂ ತುಯ್ಯುತ್ತದೆ. ಗಿರಾಕಿ ಯಾವಾಗ ಬರುತ್ತಾನೋ ಎಂದು ಇಡೀ ದಿನ ಒಲೆಯನ್ನು ಅರ್ಧ ಉರಿಯಲ್ಲಿಟ್ಟುಕೊಂಡ ಚಹಾದ ಅಂಗಡಿಯಂತೆ. ಸದ್ದು ಅತ್ಯಂತ ಜೋರಾಗಿದ್ದಾಗಲೂ ಸೆಲ್ಲಿನಿಂದ ತೆಗೆದುಕೊಂಡ ಶಕ್ತಿಯಲ್ಲಿ ಅರ್ಧಕ್ಕಿಂತ ಹೆಚ್ಚು ರಿಸೀವರಿಗೆ ಮುಟ್ಟಲಾರದು, ಇದು ಸಿದ್ಧಾಂತದ ಗರಿಷ್ಠ ಮಿತಿ. ಸದ್ದಿಲ್ಲದಾಗಂತೂ ಎಲ್ಲವೂ ವ್ಯರ್ಥ.

ಇದರಲ್ಲಿ ಇನ್ನೊಂದು ಕಟ್ಟಳೆ ಅಡಗಿದೆ. ಕೆಳಕ್ಕೆ ತುಯ್ಯುವಾಗ ಕರೆಂಟು ಸೊನ್ನೆಗಿಂತ ಕೆಳಗಿಳಿಯಲಾರದು. ಅಂದರೆ ಕಾಯುವ ಕರೆಂಟು ಎಷ್ಟಿದೆಯೋ ಅದಕ್ಕಿಂತ ದೊಡ್ಡ ಅಲೆ ಹೊರಬರಲಾರದು. ಕಾಯುವ ಕರೆಂಟು ಎರಡು ಮಿಲಿಆಂಪಿಯರ್ ಇದ್ದರೆ ಎರಡರಷ್ಟು ಅಲೆ. ಅರ್ಧಕ್ಕೆ ಇಳಿಸಿದರೆ ಅಲೆಯೂ ಅರ್ಧ. ಅದಕ್ಕಿಂತ ದೊಡ್ಡ ಅಲೆ ಬಂದರೆ ಅದರ ತಲೆ ಕತ್ತರಿಸಿ ಹೋಗುತ್ತದೆ.

1983ರಲ್ಲಿ ಅಮೆರಿಕದ ಅಧ್ಯಕ್ಷ ರೊನಾಲ್ಡ್ ರೇಗನ್ ಕಿವಿಯೊಳಗೆ ಹುದುಗುವ ಸಾಧನ ಹಾಕಿಕೊಂಡು ಜನರೆದುರು ಬಂದರು. ಅಂಥ ಸಾಧನಗಳ ಬೇಡಿಕೆ ಏರಿತು. ಕಣ್ಣಿಗೆ ಬೀಳದ ಸಾಧನ ಎಲ್ಲರಿಗೂ ಬೇಕು. ಸಾಧನ ಚಿಕ್ಕದಾದರೆ ಸೆಲ್ಲೂ ಚಿಕ್ಕದಾಗಬೇಕು. ಸೆಲ್ಲು ಚಿಕ್ಕದಾದರೂ ವಾರವೆರಡು ವಾರ ಬರಬೇಕು, ಇಲ್ಲದಿದ್ದರೆ ಗಿರಾಕಿ ಬೇರೆ ಕಂಪನಿಗೆ ಹೋಗುತ್ತಾನೆ. ತಯಾರಕರು ಕೈಹಾಕಿದ್ದು ಕಾಯುವ ಕರೆಂಟಿಗೆ. ಅದನ್ನು ಕಾಲುಭಾಗಕ್ಕೋ ಅದಕ್ಕೂ ಕೆಳಗೋ ಇಳಿಸಿದರು. ಸೆಲ್ಲು ಬಾಳಿಕೆ ಬಂತು. ಮೃದುವಾದ ಮಾತಿಗೆ ತೊಂದರೆಯಿಲ್ಲ. ಅಂಗಡಿಯ ಶಾಂತ ಕೋಣೆಯಲ್ಲಿ ಪರೀಕ್ಷಿಸಿ ನೋಡಿದರೆ ಎಲ್ಲವೂ ಸರಿ. ಅಮೆರಿಕದ ಧ್ವನಿತಜ್ಞ ಮೀಡ್ ಕಿಲಿಯನ್ ಮುಂತಾದವರು ಇದನ್ನು ‘ಹಸಿದ ಕ್ಲಾಸ್ ಎ’ ಎಂದು ಕರೆದರು. ಉಪವಾಸ ಕೆಡವಿದ ಆಂಪ್ಲಿಫೈಯರ್.

ಅದರ ಬಣ್ಣ ಬಯಲಾಗುತ್ತಿದ್ದುದು ಮನೆಗೆ ಬಂದ ಮೇಲೆ. ಪಾತ್ರೆ ಬಿದ್ದ ಸದ್ದು, ಹೋಟೆಲಿನ ಗಲಾಟೆ, ಮದುವೆ ಮನೆಯ ವಾಲಗ. ಎಲ್ಲಕ್ಕಿಂತ ಮುಖ್ಯವಾಗಿ ಧರಿಸಿದವರ ಸ್ವಂತ ದನಿ. ಬಾಯಿಯಿಂದ ಕಿವಿಗೆ ಒಂದು ಗೇಣು ದೂರ. ಎದುರಿನವರ ಮಾತಿಗಿಂತ ಸ್ವಂತ ಮಾತೇ ಮೈಕಿಗೆ ಜೋರು. ಆಗ ಅಲೆಯ ತಲೆಗಳೆಲ್ಲ ಕತ್ತರಿಸಲ್ಪಟ್ಟು, ಮೂಲದಲ್ಲಿ ಇಲ್ಲದ ಸ್ವರಗಳು ಹುಟ್ಟಿಕೊಳ್ಳುತ್ತವೆ. ಎರಡು ಸದ್ದು ಒಟ್ಟಿಗೆ ಬಂದರೆ ಅವುಗಳ ಬೆರಕೆಯಿಂದ ಮೂರನೆಯದು, ನಾಲ್ಕನೆಯದು. ಈ ಕಸವೆಲ್ಲ ಕೂತುಕೊಳ್ಳುವುದು ವ್ಯಂಜನಗಳ ಮೇಲೆ.

ಕನ್ನಡದ ಉದಾಹರಣೆಯಿಂದಲೇ ನೋಡಬಹುದು. ಹಾಲು, ಕಾಲು, ಸಾಲು, ಪಾಲು. ನಾಲ್ಕರಲ್ಲೂ ಸ್ವರಗಳು ಒಂದೇ. ಅರ್ಥವನ್ನು ಬೇರೆ ಮಾಡುವುದು ಮೊದಲಿನ ಒಂದು ವ್ಯಂಜನ. ಅದರ ಶಕ್ತಿಯಾದರೋ ‘ಆ’ಕಾರದ ಶಕ್ತಿಯ ಮುಂದೆ ನೂರಾರು ಪಟ್ಟು ಕಡಿಮೆ, ಅವಧಿಯೂ ಕ್ಷಣಮಾತ್ರ. ಅಜ್ಜಿಗೆ ‘ಆಲು’ ಎಂಬುದು ಗಟ್ಟಿಯಾಗಿ ಕೇಳಿಸುತ್ತದೆ. ಹಾಲು ತಂದಿದೆ ಎಂದರೋ, ಸಾಲ ತೀರಿದೆ ಎಂದರೋ, ಆಕೆ ಊಹಿಸಿಕೊಳ್ಳಬೇಕು. ಊಹೆ ತಪ್ಪಿದಾಗ ಮನೆಯವರು ನಗುತ್ತಾರೆ. ಮೂರು ಸಲ ನಗೆಗೀಡಾದ ಮೇಲೆ ಆಕೆ ಸಾಧನವನ್ನು ಕಳಚಿಡುತ್ತಾಳೆ. ಆಕೆಯ ಒಳಗಿವಿಯಲ್ಲಿ ದೋಷವಿದ್ದದ್ದು ಹೌದು. ಆ ದೋಷದ ಮೇಲೆ ಯಂತ್ರ ಇನ್ನೊಂದು ದೋಷವನ್ನು ಹೇರಿತ್ತು, ಮತ್ತು ಅದು ಗೊತ್ತಿದ್ದೂ ಹೇರಿದ್ದು. ಗಿರಾಕಿ ದೂರುವುದು ಸೆಲ್ಲು ಬೇಗ ಮುಗಿದಾಗ. ಮಾತು ಕೆಟ್ಟಾಗ ಆತ ತನ್ನ ಕಿವಿಯನ್ನೇ ದೂರಿಕೊಳ್ಳುತ್ತಾನೆ. ಈ ಲೆಕ್ಕಾಚಾರವನ್ನು ಕ್ರೂರವೆನ್ನದೆ ಬೇರೆ ದಾರಿಯಿಲ್ಲ.

ಪರಿಹಾರಗಳು ಇರಲಿಲ್ಲವೆಂದಲ್ಲ. ಕ್ಲಾಸ್ ಬಿ ಎಂಬ ಪದ್ಧತಿ ಹಳೆಯದೇ. ಮರ ಕೊಯ್ಯುವ ಉದ್ದ ಗರಗಸವನ್ನು ಇಬ್ಬರು ಎಳೆಯುವುದನ್ನು ನೋಡಿದ್ದರೆ ಇದು ಸುಲಭ. ಒಬ್ಬ ಎಳೆಯುವಾಗ ಇನ್ನೊಬ್ಬನಿಗೆ ವಿಶ್ರಾಂತಿ. ಹಾಗೆಯೇ ಎರಡು ಟ್ರಾನ್ಸಿಸ್ಟರುಗಳಲ್ಲಿ ಒಂದು ಅಲೆಯ ಮೇಲರ್ಧವನ್ನೂ ಇನ್ನೊಂದು ಕೆಳಗಿನರ್ಧವನ್ನೂ ಹೊತ್ತುಕೊಳ್ಳುತ್ತದೆ. ಸದ್ದಿಲ್ಲದಾಗ ಎರಡೂ ಹೆಚ್ಚುಕಡಿಮೆ ಸುಮ್ಮನಿರುತ್ತವೆ. ಸಿದ್ಧಾಂತದ ದಕ್ಷತೆ ಶೇ 78.5. ತೊಡಕು ಇರುವುದು ಕೈ ಬದಲಾಗುವ ಕ್ಷಣದಲ್ಲಿ. ಒಬ್ಬ ಬಿಟ್ಟು ಇನ್ನೊಬ್ಬ ಹಿಡಿಯುವಾಗ ಗರಗಸ ಕೊಂಚ ಜಗ್ಗಿದರೂ ಅಲೆಯ ನಡುವಿನಲ್ಲಿ ಸೊಟ್ಟು ಬೀಳುತ್ತದೆ, ಅದು ಮೃದು ಸದ್ದುಗಳನ್ನೇ ಕೆಡಿಸುತ್ತದೆ. ಅದೂ ಅಲ್ಲದೆ ಬಿಡಿಭಾಗಗಳು ಹೆಚ್ಚು, ಜಾಗವಿಲ್ಲ. ಹಾಗಾಗಿ ತೀವ್ರ ದೋಷದವರ ದೊಡ್ಡ ಸಾಧನಗಳಿಗೆ ಅದು ಸೀಮಿತವಾಯಿತು.

ದಾರಿ ತೋರಿದ್ದು ಕ್ಲಾಸ್ ಡಿ. ಇಲ್ಲಿಯ ‘ಡಿ’ಗೆ ಡಿಜಿಟಲ್ ಎಂಬ ಅರ್ಥವಿಲ್ಲ, ಎ, ಬಿ, ಸಿ ಮುಗಿದ ಮೇಲೆ ಉಳಿದ ಅಕ್ಷರ, ಅಷ್ಟೆ. ಟ್ರಾನ್ಸಿಸ್ಟರ್ ಪೂರ್ತಿ ತೆರೆದಿದ್ದರೆ ಅದರಲ್ಲಿ ಕರೆಂಟು ಹರಿಯುತ್ತದೆ, ಆದರೆ ಅದರ ಎರಡು ತುದಿಗಳ ನಡುವೆ ವೋಲ್ಟೇಜು ಉಳಿಯುವುದಿಲ್ಲ. ಪೂರ್ತಿ ಮುಚ್ಚಿದ್ದರೆ ವೋಲ್ಟೇಜಿದೆ, ಕರೆಂಟಿಲ್ಲ. ಎರಡು ಸ್ಥಿತಿಯಲ್ಲೂ ಶಾಖವಾಗಿ ಪೋಲಾಗುವುದು ಬಹಳ ಕಡಿಮೆ. ಪೋಲಾಗುವುದು ಅರ್ಧ ತೆರೆದಾಗ. ಹಳೆಯ ಫ್ಯಾನ್ ರೆಗ್ಯುಲೇಟರು ಬಿಸಿಯಾಗುತ್ತಿದ್ದುದು ನೆನಪಿರಬಹುದು; ಫ್ಯಾನು ನಿಧಾನವಾದಷ್ಟೂ ರೆಗ್ಯುಲೇಟರು ಕಾಯುತ್ತಿತ್ತು. ಕ್ಲಾಸ್ ಡಿ ಆಂಪ್ಲಿಫೈಯರು ಅರ್ಧಂಬರ್ಧಕ್ಕೆ ಹೋಗುವುದೇ ಇಲ್ಲ. ಸೆಕೆಂಡಿಗೆ ಲಕ್ಷ ಸಲವೋ ಅದಕ್ಕೂ ಹೆಚ್ಚೋ ಪೂರ್ತಿ ತೆರೆದು ಪೂರ್ತಿ ಮುಚ್ಚುತ್ತದೆ. ಅಲೆ ಏರಿದಾಗ ತೆರೆದಿರುವ ಅವಧಿಯನ್ನು ಕೊಂಚ ಹೆಚ್ಚಿಸುತ್ತದೆ, ಇಳಿದಾಗ ಕಡಿಮೆ ಮಾಡುತ್ತದೆ.

ಈ ಪಟಪಟ ಬಡಿತದಿಂದ ನುಣುಪಾದ ಮಾತು ಹೇಗೆ ಬಂತು? ಕುಂಬಾರನ ತಿಗುರಿಯನ್ನು ನೆನೆಯಬೇಕು. ಆತ ಕೋಲಿನಿಂದ ಬಿಟ್ಟು ಬಿಟ್ಟು ತಳ್ಳುತ್ತಾನೆ. ಭಾರವಾದ ಚಕ್ರ ಮಾತ್ರ ಒಂದೇ ಸಮನೆ ತಿರುಗುತ್ತದೆ. ವಿದ್ಯುತ್ತಿನಲ್ಲಿ ಆ ಭಾರದ ಕೆಲಸವನ್ನು ತಂತಿಯ ಸುರುಳಿ ಮಾಡುತ್ತದೆ. ಸುರುಳಿಯೊಳಗಿನ ಕರೆಂಟು ಥಟ್ಟನೆ ಏರುವುದೂ ಇಲ್ಲ, ಥಟ್ಟನೆ ಇಳಿಯುವುದೂ ಇಲ್ಲ. ಸಭಾಂಗಣದ ದೊಡ್ಡ ಕ್ಲಾಸ್ ಡಿ ಆಂಪ್ಲಿಫೈಯರುಗಳಿಗೆ ಇದಕ್ಕೆಂದೇ ಪ್ರತ್ಯೇಕ ಸುರುಳಿ ಹಾಕುವುದು ವಾಡಿಕೆ. ಶ್ರವಣ ಸಾಧನದಲ್ಲಿ ಜಾಗವೇ ಇಲ್ಲ. ಆದರೆ ರಿಸೀವರಿನೊಳಗೆ ಆಗಲೇ ಒಂದು ಸುರುಳಿ ಇದೆಯಲ್ಲ! ಕೂದಲಿಗಿಂತ ತೆಳುವಾದ ತಂತಿಯ ನೂರಾರು ಸುತ್ತು. ಅದೇ ತಿಗುರಿಯಾಯಿತು. 1980ರ ದಶಕದ ಕೊನೆಯ ಹೊತ್ತಿಗೆ ನೋಲ್ಸ್ ಕಂಪನಿ ಆಂಪ್ಲಿಫೈಯರಿನ ಚಿಪ್ಪನ್ನು ರಿಸೀವರಿನ ಡಬ್ಬಿಯೊಳಗೇ ಕೂರಿಸಿ ಮಾರುಕಟ್ಟೆಗೆ ತಂದಿತು. ಹೊರಗೆ ಉಳಿದದ್ದು ಮೂರು ತಂತಿ ಮಾತ್ರ.

ಇಷ್ಟಕ್ಕೆ ಎಲ್ಲವೂ ಸಲೀಸಾಯಿತೆಂದಲ್ಲ. ಬಡಿತ ನಿಧಾನವಾದರೆ ಪ್ರತಿ ಬಡಿತದಲ್ಲೂ ಸುರುಳಿಯ ಕರೆಂಟು ವೃಥಾ ಏರಿಳಿದು, ಅದೇ ಹೊಸ ರೂಪದ ಕಾಯುವ ಕರೆಂಟಾಗುತ್ತದೆ. ಬಡಿತ ಅತಿ ವೇಗವಾದರೆ ಪ್ರತಿ ಸಲ ಟ್ರಾನ್ಸಿಸ್ಟರಿನ ಬಾಗಿಲು ತೆಗೆದು ಮುಚ್ಚುವುದಕ್ಕೇ ಚಿಟಿಕೆ ವಿದ್ಯುತ್ತು ಬೇಕು; ಸೆಕೆಂಡಿಗೆ ಲಕ್ಷಾಂತರ ಚಿಟಿಕೆ ಸೇರಿದರೆ ಹಿಡಿಯಾಗುತ್ತದೆ. ಟ್ರಾನ್ಸಿಸ್ಟರನ್ನು ದೊಡ್ಡದು ಮಾಡಿದರೆ ತೆರೆದಾಗಿನ ತಡೆ ಕಡಿಮೆ, ಆದರೆ ಬಾಗಿಲು ಭಾರ. ವಿನ್ಯಾಸಕಾರನ ಜಾಣ್ಮೆಯೆಲ್ಲ ಈ ಎರಡರ ನಡುವಿನ ಹದ ಹುಡುಕುವುದರಲ್ಲಿ. ಎರಡರ ಬದಲು ನಾಲ್ಕು ಟ್ರಾನ್ಸಿಸ್ಟರುಗಳನ್ನು ಸೇತುವೆಯಂತೆ ಜೋಡಿಸಿ ರಿಸೀವರನ್ನು ನಡುವಿಟ್ಟರೆ ಇನ್ನೊಂದು ಲಾಭ. ಸೆಲ್ಲಿನ 1.3 ವೋಲ್ಟನ್ನು ಒಮ್ಮೆ ಈ ದಿಕ್ಕಿನಿಂದ, ಒಮ್ಮೆ ಆ ದಿಕ್ಕಿನಿಂದ ಪೂರ್ತಿಯಾಗಿ ಹಚ್ಚಬಹುದು. ಅಲೆ ಇಮ್ಮಡಿ, ಶಕ್ತಿ ನಾಲ್ಕು ಪಟ್ಟು. ಸದ್ದಿಲ್ಲದಾಗ ಸೇತುವೆಯ ಎರಡೂ ಕಡೆ ಒಟ್ಟಿಗೆ ಏರಿ ಒಟ್ಟಿಗೆ ಇಳಿಯುವಂತೆ ಮಾಡಿದರೆ ರಿಸೀವರಿನ ಎರಡು ತುದಿಗಳ ನಡುವೆ ವ್ಯತ್ಯಾಸವೇ ಇರದು; ಕಾಯುವ ಕರೆಂಟು ಬಹುಪಾಲು ಮಾಯ.

ಸೆಲ್ಲಿನ ಸ್ವಭಾವವೂ ಇಲ್ಲಿ ಮೂಗು ತೂರಿಸುತ್ತದೆ. ಮುಗಿಯುತ್ತ ಬಂದ ಸೆಲ್ಲಿನ ಒಳತಡೆ ಏರಿರುತ್ತದೆ. ಜೋರು ಸದ್ದಿಗೆ ರಿಸೀವರು ಕರೆಂಟು ಎಳೆದಾಗ ಸೆಲ್ಲಿನ ಒತ್ತಡ ಕುಸಿಯುತ್ತದೆ, ಆ ಕುಸಿತ ಹಿಂದಿನ ಹಂತಗಳಿಗೆ ತಗುಲಿ ಮತ್ತೆ ಸದ್ದಾಗುತ್ತದೆ, ಅದು ಮತ್ತೆ ಕರೆಂಟೆಳೆಯುತ್ತದೆ. ಕಿವಿಯೊಳಗೆ ದೋಣಿಯ ಮೋಟಾರು ಹೊರಟಂತೆ ಟುಕುಟುಕು. ಸೆಲ್ಲು ಬದಲಿಸಬೇಕೆಂಬುದಕ್ಕೆ ಅದೂ ಒಂದು ಸೂಚನೆ.

ಕಿಲಿಯನ್ 1983ರಲ್ಲಿ ಎಟಿಮೋಟಿಕ್ ಎಂಬ ಸಂಸ್ಥೆ ಕಟ್ಟಿ, ಕೆ-ಆಂಪ್ ಎಂಬ ಚಿಪ್ಪನ್ನು ರೂಪಿಸಿದರು. ಅದು ಮೃದು ಸದ್ದನ್ನು ಹಿಗ್ಗಿಸುತ್ತಿತ್ತು, ಜೋರು ಸದ್ದನ್ನು ಇದ್ದ ಹಾಗೆಯೇ ಬಿಡುತ್ತಿತ್ತು. ಒಳಗಿವಿಯ ದೋಷವಿರುವ ಅನೇಕರಿಗೆ ಪಿಸುಮಾತು ಕೇಳಿಸದಿದ್ದರೂ ಗದ್ದಲ ಎಲ್ಲರಷ್ಟೇ ಜೋರಾಗಿ ಕೇಳುತ್ತದೆ. “ಯಾಕೆ ಕಿರಚುತ್ತೀ” ಎಂದು ಅಜ್ಜ ರೇಗುವುದು ಇದಕ್ಕೇ. ಆ ಚಿಪ್ಪಿನ ಕೆಲಸ ಸಾರ್ಥಕವಾಗಬೇಕಾದರೆ ಜೋರು ಸದ್ದನ್ನು ಮುಕ್ಕಾಗದಂತೆ ದಾಟಿಸುವ ರಿಸೀವರು ಬೇಕು. ಕ್ಲಾಸ್ ಡಿ ಅದನ್ನು ಕೊಟ್ಟಿತು. ಸಂಗೀತ ಕಛೇರಿಯಲ್ಲಿ ಸಾಧನವನ್ನು ಕಳಚದೆ ಕೂರುವುದು ಸಾಧ್ಯವಾಯಿತು.

1996ರಲ್ಲಿ ಡೆನ್ಮಾರ್ಕಿನ ವೈಡೆಕ್ಸ್ ಮತ್ತು ಓಟಿಕಾನ್ ಕಂಪನಿಗಳು ಪೂರ್ಣ ಡಿಜಿಟಲ್ ಸಾಧನಗಳನ್ನು ತಂದವು. ಸದ್ದು ಅಂಕಿಗಳಾಗಿ ಲೆಕ್ಕಕ್ಕೆ ಒಳಗಾಗುವ ಈ ಯಂತ್ರಗಳಲ್ಲಿ ಹಳೆಯ ಅರ್ಥದ ಆಂಪ್ಲಿಫೈಯರು ಕೊನೆಯಲ್ಲಿ ಉಳಿಯುವುದೇ ಇಲ್ಲ. ಚಿಪ್ಪಿನಿಂದ ಹೊರಡುವ ಒಂದು-ಸೊನ್ನೆಗಳ ಬಡಿತವೇ ಆ ನಾಲ್ಕು ಟ್ರಾನ್ಸಿಸ್ಟರುಗಳ ಸೇತುವೆಗೆ ಹೋಗುತ್ತದೆ, ಸುರುಳಿ ಅದನ್ನು ನುಣುಪು ಮಾಡುತ್ತದೆ. ಕ್ಲಾಸ್ ಡಿ ಮೊದಲೇ ಸಿದ್ಧವಾಗಿ ಕೂತಿದ್ದರಿಂದ ಡಿಜಿಟಲ್ ಯುಗಕ್ಕೆ ಹಾದಿ ಸುಗಮವಾಯಿತೆಂದರೆ ತಪ್ಪಲ್ಲ. ಉಳಿಸಿದ ಕರೆಂಟು ಲೆಕ್ಕ ಮಾಡುವ ಚಿಪ್ಪಿನ ಪಾಲಾಯಿತು.

ಇನ್ನು ಈ ನಾಡಿನ ಮಾತು. ಮೈಸೂರಿನ ಮಾನಸಗಂಗೋತ್ರಿಯಲ್ಲಿರುವ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆ 1960ರ ದಶಕದ ಮಧ್ಯಭಾಗದಿಂದ ಕಿವಿ ಪರೀಕ್ಷಿಸಿ ಸಾಧನ ಹೊಂದಿಸುವ ಕೆಲಸವನ್ನೂ, ಅದಕ್ಕೆ ತಜ್ಞರನ್ನು ತಯಾರಿಸುವ ಕೆಲಸವನ್ನೂ ಮಾಡುತ್ತಿದೆ. 1981ರಲ್ಲಿ ಶುರುವಾದ ಕೇಂದ್ರ ಸರ್ಕಾರದ ಯೋಜನೆಯಡಿ ಬಡವರಿಗೆ ಸಾಧನಗಳನ್ನು ಹಂಚಲಾಗುತ್ತದೆ. ಅಂಗಿಯ ಜೇಬಿನಲ್ಲಿಟ್ಟು ತಂತಿಯಲ್ಲಿ ಕಿವಿಗೆ ಜೋಡಿಸುವ ಪೆಟ್ಟಿಗೆಯನ್ನು ಹಳ್ಳಿಗಳಲ್ಲಿ ಕಾಣುವುದಿತ್ತು. ಅದನ್ನು ನೋಡಿ ಹಿಂದುಳಿದದ್ದೆಂದು ಮೂಗು ಮುರಿಯಬೇಕಿಲ್ಲ. ಪೆನ್ಸಿಲ್ ಸೆಲ್ಲು ಎಲ್ಲ ಊರಿನ ಕಿರಾಣಿ ಅಂಗಡಿಯಲ್ಲೂ ಸಿಗುತ್ತಿತ್ತು, 312ರ ಕಂದು ಚೀಟಿಯ ಸೆಲ್ಲಿಗೆ ತಾಲ್ಲೂಕು ಕೇಂದ್ರಕ್ಕೋ ಜಿಲ್ಲಾ ಕೇಂದ್ರಕ್ಕೋ ಬಸ್ಸು ಹತ್ತಬೇಕು. ಸಾಧನ ಪುಕ್ಕಟೆ ಸಿಕ್ಕರೂ ವರ್ಷಕ್ಕೆ ಮೂವತ್ತು ನಲವತ್ತು ಸೆಲ್ಲಿನ ಖರ್ಚು ಬಡವನದೇ. ಮಿಲಿಆಂಪಿಯರಿನ ಉಳಿತಾಯ ಎಂಬುದು ಇಲ್ಲಿ ಬಸ್ ಚಾರ್ಜಿನ ಉಳಿತಾಯವೂ ಹೌದು.

ಆ ಬಣ್ಣದ ಚೀಟಿಯ ವಿಷಯ ಬಾಕಿ ಉಳಿಯಿತು. 1970ರ ದಶಕದ ಕೊನೆಯಲ್ಲಿ ಬಂದ ಈ ಸತು-ಗಾಳಿ ಸೆಲ್ಲು ಕೆಲಸಕ್ಕೆ ಬೇಕಾದ ಆಮ್ಲಜನಕವನ್ನು ಹೊರಗಿನ ಗಾಳಿಯಿಂದಲೇ ತೆಗೆದುಕೊಳ್ಳುತ್ತದೆ. ಚೀಟಿ ಕಿತ್ತರೆ ಅದರಡಿಯ ಸಣ್ಣ ರಂಧ್ರದಿಂದ ಗಾಳಿ ಹೊಕ್ಕು ಸೆಲ್ಲು ಎಚ್ಚರಗೊಳ್ಳುತ್ತದೆ. ಆಮೇಲೆ ಬಳಸಲಿ, ಬಿಡಲಿ, ಅದರ ಆಯುಷ್ಯ ಕಳೆಯುತ್ತಲೇ ಇರುತ್ತದೆ. ಚೀಟಿಯನ್ನು ಮತ್ತೆ ಅಂಟಿಸಿದರೆ ಹೆಚ್ಚೇನೂ ಉಳಿಯದು. ರಂಧ್ರದಿಂದ ಗಾಳಿಯ ಜೊತೆ ತೇವವೂ ಹೋಗುತ್ತದೆ. ಬಯಲುಸೀಮೆಯ ಒಣ ಹವೆಯಲ್ಲಿ ಸೆಲ್ಲು ಒಣಗುವುದುಂಟು, ಕರಾವಳಿಯ ಮಳೆಗಾಲದಲ್ಲಿ ನೀರು ಕುಡಿಯುವುದುಂಟು. ರಾತ್ರಿ ಸಾಧನವನ್ನು ತೇವ ಹೀರುವ ಸಿಲಿಕಾ ಹರಳಿನ ಡಬ್ಬಿಯಲ್ಲಿಡುವುದು ಒಳ್ಳೆಯದು, ಆದರೆ ಸೆಲ್ಲನ್ನು ಹೊರಗೆ ತೆಗೆದು.

ಈಚಿನ ವರ್ಷಗಳಲ್ಲಿ ಚಾರ್ಜು ಮಾಡುವ ಲಿಥಿಯಂ ಸೆಲ್ಲಿನ ಸಾಧನಗಳು ಬಂದಿವೆ. ಮೊಬೈಲಿನ ಮಾತನ್ನು ನೇರ ಕಿವಿಗೆ ತರುವ ಬ್ಲೂಟೂತ್ ರೇಡಿಯೋ ಕೂಡ ಅದೇ ಸೆಲ್ಲಿಗೆ ಬಾಯಿ ಹಾಕಿದೆ. ರಿಸೀವರಿನ ಜಾಗಕ್ಕೆ ಹೊಸ ಅರ್ಜಿದಾರನೂ ಬಂದಿದ್ದಾನೆ: ಸಿಲಿಕಾನ್ ಬಿಲ್ಲೆಯ ಮೇಲೆ ಚಿಪ್ಪಿನಂತೆಯೇ ಕೊರೆದು ಮಾಡಿದ ಸ್ಪೀಕರು, ಹಾಡು ಕೇಳುವ ಇಯರ್‌ಬಡ್‌ಗಳಲ್ಲಿ ಆಗಲೇ ಕಾಣಿಸಿಕೊಂಡಿದೆ. ಅದರಲ್ಲಿ ಕಾಂತವಿಲ್ಲ, ಸುರುಳಿಯಿಲ್ಲ. ವೋಲ್ಟೇಜು ಹಚ್ಚಿದರೆ ಬಾಗುವ ಪೀಜೋ ಪದರವಿದೆ. ಅದಕ್ಕೆ ಹತ್ತಾರು ವೋಲ್ಟು ಬೇಕು. ಸುರುಳಿಯ ಬದಲು ಅದು ಕೆಪಾಸಿಟರಿನಂತೆ ವರ್ತಿಸುವುದರಿಂದ, ತುಂಬಿದ ವಿದ್ಯುತ್ತನ್ನು ಪ್ರತಿ ಅಲೆಗೂ ಚೆಲ್ಲದೆ ಹಿಂದಕ್ಕೆ ಸೆಲ್ಲಿಗೆ ಸೇರಿಸಿದರೆ ಮಾತ್ರ ಬಾಳಿಕೆ. ಹಿಂದಕ್ಕೆ ಸೇರಿಸಲು ಸಾಮಾನ್ಯವಾಗಿ ಬೇಕಾದದ್ದು ಮತ್ತೆ ಒಂದು ಸುರುಳಿ. ರಿಸೀವರಿನೊಳಗೆ ಪುಕ್ಕಟೆ ಸಿಗುತ್ತಿದ್ದ ತಿಗುರಿಯನ್ನು ಈಗ ಹೊರಗಿನಿಂದ ತಂದು ಕೂರಿಸಬೇಕು. ಕಿವಿಯ ಕಾಲುವೆಯಲ್ಲಿ ಅದಕ್ಕೆ ಜಾಗವೆಲ್ಲಿ ಎಂಬುದೇ ಪ್ರಯೋಗಾಲಯಗಳ ಸದ್ಯದ ತಕರಾರು.